ಉಪ್ಪು ಬಿಡಿಸಿ, ಎಣ್ಣೆ ಕುಡಿಸಿ

ಆಳೆತ್ತರದ ಮೀನೊಂದನ್ನು ಬೆನ್ನಿಗೆ ಹೊತ್ತು ನಿಂತ ಬೆಸ್ತನ ಚಿತ್ರವನ್ನು ಕರ್ನಾಟಕದ ಎರಡು ಮೂರು ತಲೆಮಾರಿನ ಮಕ್ಕಳು ಸ್ಕಾಟ್ಸ್ ಎಮಲ್ಷನ್ ಬಾಟಲಿಯ ಮೇಲೆ ನೋಡಿದ್ದಾರೆ. ಮಗುವಿಗೆ ಮೈ ಹಿಡಿಯಲಿ, ಮೂಳೆ ಗಟ್ಟಿಯಾಗಲಿ ಎಂದು ಅಮ್ಮಂದಿರು ಚಮಚದಲ್ಲಿ ಕುಡಿಸುತ್ತಿದ್ದ ಬಿಳಿ ಔಷಧಿ ಅದು. ಬೆಸ್ತನ ಬೆನ್ನ ಮೇಲಿರುವುದು ಕಾಡ್ ಮೀನು. ಅದರ ಎಣ್ಣೆ ನಮ್ಮ ಮನೆಗಳವರೆಗೂ ಬಂತು, ಮೀನು ಬರಲಿಲ್ಲ. ಉತ್ತರ ಅಟ್ಲಾಂಟಿಕ್ಕಿನ ತಣ್ಣನೆಯ ನೀರು ಬಿಟ್ಟು ಬೇರೆ ಕಡೆ ಬಾಳುವ ಜೀವ ಅದಲ್ಲ. ಆದರೂ ಆ ಮೀನಿನ ಅಡುಗೆಯ ಗುಟ್ಟು ಇರುವುದು ಆ ಬಾಟಲಿಯಲ್ಲೇ. ಬಂಗುಡೆ, ಬೂತಾಯಿಗಳು ಮೈತುಂಬ ಎಣ್ಣೆ ಇಟ್ಟುಕೊಂಡಿರುತ್ತವೆ. ಕಾಡ್ ಹಾಗಲ್ಲ, ತನ್ನ ಎಣ್ಣೆಯನ್ನೆಲ್ಲ ಯಕೃತ್ತಿನಲ್ಲಿ ಕೂಡಿಡುತ್ತದೆ. ಅದರ ಬಿಳಿ ಮಾಂಸದಲ್ಲಿ ಕೊಬ್ಬು ನೂರಕ್ಕೆ ಒಂದು ಪಾಲೂ ಇರುವುದಿಲ್ಲ.

ಈ ಒಂದು ಸಂಗತಿಯಿಂದ ಎರಡು ಪರಿಣಾಮಗಳಾದವು. ಎಣ್ಣೆಯಿಲ್ಲದ ಮಾಂಸ ಕಮಟು ಹಿಡಿಯದೆ ಚೆನ್ನಾಗಿ ಒಣಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಹೀಗಾಗಿ ಸಾವಿರಾರು ಮೈಲಿ ದೂರದ ಮಾರುಕಟ್ಟೆಗೆ ಅದು ಪ್ರಯಾಣ ಮಾಡಬಲ್ಲದಾಯಿತು. ಆದರೆ ಒಲೆಯ ಹತ್ತಿರ ಬಂದಾಗ ಅದೇ ಗುಣ ಕೊರತೆಯಾಗುತ್ತದೆ. ಬರಿದೇ ಬೇಯಿಸಿದರೆ ಬಾಯಿಗೆ ನಾರಿನ ಹಾಗೆ ಹತ್ತುವ ಮೀನು ಇದು. ಕಾಡ್ ಮೀನಿನ ಮನೆಯಡುಗೆ ಬೆಳೆದದ್ದು ಈ ಕೊರತೆಯ ಸುತ್ತ. ಒಣಗಿಸುವಾಗ ಕಳೆದುಹೋದ ನೀರನ್ನೂ ಹುಟ್ಟಿನಿಂದಲೇ ಇಲ್ಲದ ಕೊಬ್ಬನ್ನೂ ಮೀನಿಗೆ ತುಂಬಿಕೊಡಬೇಕು, ಅಷ್ಟೇ ಕೆಲಸ. ಯಾವ ನಾಡಿನವರು ಯಾವ ಕೊಬ್ಬು ಹಾಕಿದರು ಎಂದು ನೋಡುತ್ತ ಹೋದರೆ ಆ ನಾಡಿನ ತೋಟ, ಹಟ್ಟಿ, ಬಂದರು, ಬಡತನ ಎಲ್ಲವೂ ಕಾಣಿಸುತ್ತವೆ.

ನಾರ್ವೆಯ ಲೋಫೋಟೆನ್ ದ್ವೀಪಗಳಿಂದ ಶುರುಮಾಡುವುದು ಸರಿ. ಆರ್ಕ್ಟಿಕ್ ವೃತ್ತದಿಂದಲೂ ಮೇಲಿರುವ ಈ ಕಲ್ಲುಬಂಡೆಯ ದ್ವೀಪಗಳ ಕಡೆಗೆ ಪ್ರತಿ ಜನವರಿಯಲ್ಲಿ ಬ್ಯಾರೆಂಟ್ಸ್ ಸಮುದ್ರದಿಂದ ಕಾಡ್ ಮೀನಿನ ದಂಡು ಮೊಟ್ಟೆಯಿಡಲು ಬರುತ್ತದೆ. ಏಪ್ರಿಲ್‌ವರೆಗೂ ಸುಗ್ಗಿ. ಹಿಡಿದ ಮೀನಿನ ತಲೆ, ಕರುಳು ತೆಗೆದು, ಎರಡೆರಡನ್ನು ಬಾಲದ ಹತ್ತಿರ ಜೋಡಿಸಿ ಕಟ್ಟಿ, ಮರದ ಗಳುಗಳ ಎತ್ತರದ ಅಟ್ಟಣಿಗೆಗಳ ಮೇಲೆ ನೇತುಹಾಕುತ್ತಾರೆ. ಉಪ್ಪು ಒಂದು ಹರಳೂ ಹಾಕುವುದಿಲ್ಲ. ಆ ತಿಂಗಳುಗಳಲ್ಲಿ ಅಲ್ಲಿನ ಚಳಿ ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇನ್ನೂ ಕೊರೆದಿದ್ದರೆ ಮೀನು ಹೆಪ್ಪುಗಟ್ಟಿ ಮಾಂಸ ಒಡೆಯುತ್ತಿತ್ತು, ಸ್ವಲ್ಪ ಬೆಚ್ಚಗಿದ್ದರೂ ನೊಣ ಮುತ್ತಿ ಕೊಳೆಯುತ್ತಿತ್ತು. ಎರಡೂ ಆಗದೆ ಕಡಲಗಾಳಿ ಮೀನಿನೊಳಗಿನ ನೀರನ್ನು ನಿಧಾನವಾಗಿ ಹೀರುತ್ತದೆ. ಬೇಸಿಗೆಯ ಹೊತ್ತಿಗೆ ಕೆಳಗಿಳಿಸಿದಾಗ ಐದು ಕಿಲೋ ಮೀನಿನಲ್ಲಿ ಒಂದು ಕಿಲೋ ಉಳಿದಿರುತ್ತದೆ, ಕಟ್ಟಿಗೆಯಷ್ಟು ಗಟ್ಟಿಯಾಗಿ.

ಸುಗ್ಗಿಯ ದಿನಗಳಲ್ಲಿ ಲೋಫೋಟೆನ್ ಮನೆಗಳಲ್ಲಿ ಮಾಡುವ ಅಡುಗೆ ಬೇರೆ. ಅದರ ಹೆಸರು ಮೋಲ್ಯೆ. ಅಂದೇ ಹಿಡಿದ ಮೀನನ್ನು ದಪ್ಪ ಹೋಳುಗಳಾಗಿ ಕಡಿದು, ಉಪ್ಪು ಹಾಕಿದ ಕುದಿನೀರಿಗೆ ಬಿಟ್ಟು, ಉರಿ ತಗ್ಗಿಸಿ, ಮುಳ್ಳಿನಿಂದ ಮಾಂಸ ಬಿಡುವಷ್ಟು ಹೊತ್ತು ಮಾತ್ರ ಇಡುತ್ತಾರೆ. ಪಕ್ಕದ ಪಾತ್ರೆಯಲ್ಲಿ ಅದೇ ಮೀನಿನ ಯಕೃತ್ತು, ಇನ್ನೊಂದರಲ್ಲಿ ಮೊಟ್ಟೆಯ ಗೊಂಚಲು ಬೇಯುತ್ತದೆ. ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ, ಮೀನು, ಮೇಲೆ ಎಣ್ಣೆ ಬಿಟ್ಟುಕೊಂಡ ಯಕೃತ್ತು. ಮೀನು ತನ್ನ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಎಣ್ಣೆಯನ್ನೇ ಅದರ ಮಾಂಸಕ್ಕೆ ಹಿಂದಿರುಗಿಸುವ ಅಡುಗೆ ಇದು. ಚಳಿಗಾಲದಲ್ಲಿ ಸೂರ್ಯನೇ ಮೇಲೇಳದ ನಾಡಿನಲ್ಲಿ ಆ ಯಕೃತ್ತಿನ ಡಿ ಜೀವಸತ್ವವೇ ಮಕ್ಕಳ ಮೂಳೆ ಕಾಯ್ದದ್ದು. ಬಾಟಲಿಗೆ ಸೇರುವುದಕ್ಕೆ ಎಷ್ಟೋ ಕಾಲ ಮೊದಲೇ ಅದು ಊಟವಾಗಿತ್ತು.

ಒಣಗಿದ ಮೀನು ದಕ್ಷಿಣಕ್ಕೆ ಹೋದದ್ದು ಬರ್ಗನ್ ಬಂದರಿನ ದಾರಿಯಲ್ಲಿ. ಸುಮಾರು 1360ರಲ್ಲಿ ಜರ್ಮನ್ ಹಾನ್ಸಾ ವರ್ತಕರು ಅಲ್ಲಿ ತಮ್ಮ ಕೋಠಿ ತೆರೆದರು. ಉತ್ತರದ ಬೆಸ್ತರು ಮೀನು ತಂದು ಹಾಕಿ ಧಾನ್ಯ ಒಯ್ಯುತ್ತಿದ್ದರು, ವರ್ತಕರು ಆ ಮೀನನ್ನು ಯುರೋಪಿನ ಕ್ರೈಸ್ತ ನಗರಗಳಿಗೆ ಸಾಗಿಸುತ್ತಿದ್ದರು. ಬೇಡಿಕೆಗೆ ಬರವಿರಲಿಲ್ಲ. ಶುಕ್ರವಾರಗಳು, ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ, ದೊಡ್ಡ ಹಬ್ಬಗಳ ಹಿಂದಿನ ದಿನ ಹೀಗೆ ಮಾಂಸ ಮುಟ್ಟಬಾರದ ದಿನಗಳು ವರ್ಷದಲ್ಲಿ ಹೇರಳವಾಗಿದ್ದವು. ಮೀನಿಗೆ ಆ ನಿಷೇಧವಿರಲಿಲ್ಲ. ಕಡಲಿನಿಂದ ದೂರವಿದ್ದ ಊರಿಗೂ ಒಣಮೀನು ಕೆಡದೆ ತಲುಪುತ್ತಿತ್ತು.

ಇಟಲಿಗೆ ಈ ಮೀನು ಹೋದ ಕತೆ ಒಂದು ಹಡಗೊಡೆತದ ಕತೆ. ವೆನಿಸ್ಸಿನ ವರ್ತಕ ಪಿಯೆತ್ರೊ ಕ್ವೆರೀನಿ 1431ರಲ್ಲಿ ಕ್ರೀಟ್ ದ್ವೀಪದಿಂದ ದ್ರಾಕ್ಷಾರಸ ತುಂಬಿಕೊಂಡು ಫ್ಲಾಂಡರ್ಸ್‌ಗೆ ಹೊರಟ. ಬಿರುಗಾಳಿ ಹಡಗನ್ನು ಮುರಿದು, ಬದುಕುಳಿದವರ ದೋಣಿಯನ್ನು ಉತ್ತರಕ್ಕೆ ತಳ್ಳಿತು. 1432ರ ಆರಂಭದಲ್ಲಿ ಲೋಫೋಟೆನ್ನಿನ ತುದಿಯ ರೋಸ್ಟ್ ದ್ವೀಪದ ಬೆಸ್ತರು ಅವರನ್ನು ಕಂಡು ಮನೆಗೆ ಕರೆದೊಯ್ದಾಗ ಉಳಿದಿದ್ದವರು ಹನ್ನೊಂದೇ ಮಂದಿ. ಅವರು ವಸಂತದವರೆಗೂ ಆ ಮನೆಗಳಲ್ಲೇ ಉಂಡು ಚೇತರಿಸಿಕೊಂಡರು. ಗಾಳಿಗೆ ಒಣಗಿಸಿದ ಮೀನನ್ನು ದ್ವೀಪದವರು ಕೊಡಲಿಯ ಹಿಂಬದಿಯಿಂದ ಬಡಿದು, ನಾರುನಾರಾಗಿ ಬಿಡಿಸಿ, ಬೆಣ್ಣೆ ಹಾಕಿ ತಿನ್ನುತ್ತಿದ್ದುದನ್ನು ಕ್ವೆರೀನಿ ತನ್ನ ವರದಿಯಲ್ಲಿ ಬರೆದಿಟ್ಟ. ವೆನಿಸ್ ಸೀಮೆಗೆ ಆ ಮೀನಿನ ಪರಿಚಯ ಮಾಡಿಸಿದವನು ಅವನೇ ಎಂದು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಹತ್ತಿರದ ವಿಚೆಂಜಾ ಊರಿನವರು ಒಣಮೀನನ್ನು ಎರಡು ಮೂರು ದಿನ ನೆನೆಸಿ, ಈರುಳ್ಳಿ, ಹಾಲು, ಆಲಿವ್ ಎಣ್ಣೆಯ ಜೊತೆ ಮಣ್ಣಿನ ಗಡಿಗೆಯಲ್ಲಿಟ್ಟು ನಾಲ್ಕು ಗಂಟೆಗೂ ಹೆಚ್ಚು ಕಾಲ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಸೌಟು ಹಾಕಿ ಕದಡುವಂತಿಲ್ಲ. ಗಡಿಗೆಯನ್ನು ಆಗಾಗ ಅಲುಗಾಡಿಸಿದರೆ ಸಾಕು. ಬೆಣ್ಣೆಯ ನಾಡಿನಿಂದ ಆಲಿವ್ ನಾಡಿಗೆ ಬಂದ ಮೀನು ಹೀಗೆ ಕೊಬ್ಬು ಬದಲಿಸಿತು.

ಇಷ್ಟೂ ಉಪ್ಪಿಲ್ಲದ ಮೀನಿನ ಮಾತು. ಉಪ್ಪಿನ ಅಧ್ಯಾಯ ತೆರೆದದ್ದು ಅಟ್ಲಾಂಟಿಕ್ಕಿನ ಆಚೆ ದಡದಲ್ಲಿ. 1497ರಲ್ಲಿ ಜಾನ್ ಕ್ಯಾಬಟ್ ಬ್ರಿಸ್ಟಲ್‌ನಿಂದ ಹೊರಟು ನ್ಯೂಫೌಂಡ್‌ಲ್ಯಾಂಡ್ ಕಡೆಯ ನೆಲ ಕಂಡು ಮರಳಿದ. ಅದೇ ಡಿಸೆಂಬರಿನಲ್ಲಿ ಲಂಡನ್‌ನಲ್ಲಿದ್ದ ಮಿಲಾನಿನ ರಾಯಭಾರಿ ತನ್ನ ದೊರೆಗೆ ಕಳಿಸಿದ ಪತ್ರದಲ್ಲಿ, ಅಲ್ಲಿ ಬಲೆಯೇ ಬೇಕಿಲ್ಲ, ಕಲ್ಲು ಕಟ್ಟಿ ಬುಟ್ಟಿ ಇಳಿಸಿದರೂ ಮೀನು ಬರುತ್ತದಂತೆ ಎಂದು ವರದಿ ಮಾಡಿದ. ಕೆಲವೇ ವರ್ಷಗಳಲ್ಲಿ ಪೋರ್ಚುಗೀಸರು, ಬಾಸ್ಕರು, ಫ್ರೆಂಚರು, ಇಂಗ್ಲಿಷರು ಅಲ್ಲಿಗೆ ಹಡಗು ಕಟ್ಟಿದರು. ಪೋರ್ಚುಗೀಸರಿಗೂ ಫ್ರೆಂಚರಿಗೂ ಬಿಸಿಲಿನಲ್ಲಿ ಬೆಳೆದ ಕಡಲುಪ್ಪು ಬೇಕಾದಷ್ಟಿತ್ತು. ಅವರು ಹಿಡಿದ ಮೀನನ್ನು ಹಡಗಿನಲ್ಲೇ ಸೀಳಿ, ಪದರಪದರವಾಗಿ ಉಪ್ಪು ಸುರಿದು ಒಟ್ಟಿ, ಹಸಿಯಾಗಿಯೇ ಊರಿಗೆ ತಂದು ಒಣಗಿಸಿದರು. ಇಂಗ್ಲಿಷರಿಗೆ ಅಷ್ಟು ಉಪ್ಪಿರಲಿಲ್ಲ. ಅದಕ್ಕೇ ಅವರು ನ್ಯೂಫೌಂಡ್‌ಲ್ಯಾಂಡ್ ದಡದಲ್ಲೇ ಮರದ ಚಪ್ಪರ ಹಾಕಿ, ಕಡಿಮೆ ಉಪ್ಪು ಹಚ್ಚಿ, ಬಿಸಿಲು ಗಾಳಿಗೆ ಒಣಗಿಸಿದರು. ದಡದ ಮೇಲೆ ಬೀಡುಬಿಟ್ಟವರೇ ಕೊನೆಗೆ ಅಲ್ಲಿ ಊರು ಕಟ್ಟಿದರು. ಒಂದು ದ್ವೀಪ ಯಾರ ಪಾಲಿಗೆ ಹೋಗಬೇಕೆಂಬುದರಲ್ಲಿ ಉಪ್ಪಿನ ಕೊರತೆಗೂ ಪಾತ್ರವಿತ್ತು.

ಈ ಮೀನನ್ನು ಪೋರ್ಚುಗಲ್ಲಿನಷ್ಟು ಹಚ್ಚಿಕೊಂಡ ದೇಶ ಇನ್ನೊಂದಿಲ್ಲ. ಅದರ ಕಡಲಿನಲ್ಲಿ ಕಾಡ್ ಇಲ್ಲ. ಮತ್ತಿ ಇದೆ, ಕಪ್ಪೆಬೊಂಡಾಸು ಇದೆ, ಬಗೆಬಗೆಯ ತಾಜಾ ಮೀನು ಇದೆ. ಆದರೂ ಆ ದೇಶದ ಮನೆಮನೆಯ ಮೀನು ಬಕಲ್ಯಾವ್, ಅಂದರೆ ಉಪ್ಪು ಹಚ್ಚಿ ಒಣಗಿಸಿದ ಕಾಡ್. ಅದನ್ನು ಅಡುಗೆ ಮಾಡಲು ವರ್ಷದ ದಿನಕ್ಕೊಂದು ಬಗೆ ಇದೆ ಎಂಬ ಹೆಮ್ಮೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ.

ಆ ಹೆಮ್ಮೆಯ ಹಿಂದೆ ಬೆಸ್ತರ ದುಡಿಮೆ ಎಷ್ಟಿತ್ತೆಂದು ತಿಳಿದವರು ತಟ್ಟೆಯಲ್ಲಿ ಒಂದು ಎಸಳನ್ನೂ ಬಿಡಲಾರರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪೋರ್ಚುಗಲ್ ತಿನ್ನುತ್ತಿದ್ದ ಬಕಲ್ಯಾವ್‌ನ ಬಹುಪಾಲು ಹೊರದೇಶದಿಂದ ಕೊಂಡದ್ದು. ಸಲಜಾರ್‌ನ ಸರ್ವಾಧಿಕಾರದ ಸರ್ಕಾರ 1934ರಲ್ಲಿ ಇದನ್ನು ಬದಲಿಸಲು ಹೊರಟು, ಹಡಗು ಕಟ್ಟಲು ಸಾಲ ಕೊಟ್ಟಿತು, ಬೆಲೆ ಹಿಡಿತದಲ್ಲಿಟ್ಟಿತು, ಬೆಸ್ತರನ್ನು ಸೈನಿಕ ಶಿಸ್ತಿಗೆ ಒಳಪಡಿಸಿತು. ಕೆಲವು ವರ್ಷ ಸತತವಾಗಿ ಈ ಬೇಟೆಗೆ ಹೋದ ಯುವಕನಿಗೆ ಕಡ್ಡಾಯ ಸೇನಾಸೇವೆಯಿಂದ ಬಿಡುಗಡೆ ಸಿಗುತ್ತಿತ್ತು. ವಸಂತದಲ್ಲಿ ಲಿಸ್ಬನ್ನಿನ ಬೆಲೇಂ ದಂಡೆಯಲ್ಲಿ ಪಾದ್ರಿಗಳು ಹಡಗುಗಳನ್ನು ಆಶೀರ್ವದಿಸಿದ ಮೇಲೆ ಹೊರಟರೆ ಮರಳುವುದು ಆರು ತಿಂಗಳ ನಂತರ. ಎರಡನೇ ಮಹಾಯುದ್ಧದಲ್ಲಿ ತಾವು ತಟಸ್ಥ ದೇಶದವರೆಂದು ದೂರದಿಂದಲೇ ತಿಳಿಯಲೆಂದು ಹಡಗುಗಳಿಗೆ ಬಿಳಿ ಬಣ್ಣ ಬಳಿದರು. ಅಂದಿನಿಂದ ಅದು ಬಿಳಿ ಪಡೆ. ಬಣ್ಣ ಎಲ್ಲರನ್ನೂ ಕಾಯಲಿಲ್ಲ. 1942ರಲ್ಲಿ ಮರಿಯಾ ದ ಗ್ಲೋರಿಯಾ, ದೆಲಾಯಿಶ್ ಎಂಬ ಎರಡು ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸಿದವು.

ಬೇಟೆಯ ರೀತಿಯನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ದೊಡ್ಡ ಹಾಯಿಹಡಗಿನ ಮೇಲೆ ಚಿಕ್ಕ ಚಪ್ಪಟೆ ತಳದ ಡೋರಿ ದೋಣಿಗಳನ್ನು ಒಂದರೊಳಗೊಂದು ಜೋಡಿಸಿರುತ್ತಿದ್ದರು. ಬೆಳಕು ಹರಿಯುವ ಮುಂಚೆ ಅವನ್ನು ನೀರಿಗಿಳಿಸಿ, ಒಂದೊಂದರಲ್ಲಿ ಒಬ್ಬನೇ ಬೆಸ್ತ ಹುಟ್ಟು ಹಾಕುತ್ತ ಹೋಗಬೇಕು. ನೂರಾರು ಗಾಳಗಳ ಹಗ್ಗವನ್ನು ಕೈಯಲ್ಲೇ ಬಿಟ್ಟು, ಕೈಯಲ್ಲೇ ಎಳೆದು, ದೋಣಿ ಅಂಚಿನವರೆಗೆ ಮೀನು ತುಂಬಿಸಿಕೊಂಡು ಮರಳಬೇಕು. ನ್ಯೂಫೌಂಡ್‌ಲ್ಯಾಂಡ್ ಬಳಿಯ ಮೀನುಗಡಲಾದ ಗ್ರ್ಯಾಂಡ್ ಬ್ಯಾಂಕ್ಸ್‌ನ ಮಂಜು ಇಳಿದರೆ ತಾಯಿಹಡಗು ಕಾಣುವುದಿಲ್ಲ, ಅದರ ಗಂಟೆಯ ಸದ್ದೇ ದಿಕ್ಕು. ಮರಳಿದ ಮೇಲೆ ಮಲಗುವಂತಿಲ್ಲ. ಮೀನಿನ ತಲೆ ಕಡಿದು, ಹೊಟ್ಟೆ ಸೀಳಿ, ಬೆನ್ನಮೂಳೆ ತೆಗೆದು, ಹಡಗಿನ ತಳದಲ್ಲಿ ಉಪ್ಪು ಹಾಕಿ ಒಟ್ಟುವುದರಲ್ಲಿ ನಡುರಾತ್ರಿ. ಆಸ್ಟ್ರೇಲಿಯಾದ ನಾವಿಕ ಲೇಖಕ ಅಲನ್ ವಿಲಿಯರ್ಸ್ 1950ರಲ್ಲಿ ಆರ್ಗಸ್ ಎಂಬ ಹಡಗಿನಲ್ಲಿ ಇವರೊಡನೆ ಪ್ರಯಾಣ ಮಾಡಿ ಪುಸ್ತಕ ಬರೆದ. 1955ರಲ್ಲಿ ಪೋರ್ಚುಗಲ್ ಈ ಬೆಸ್ತರಿಗಾಗಿಯೇ ಜಿಲ್ ಎಯಾನಿಶ್ ಎಂಬ ಆಸ್ಪತ್ರೆ ಹಡಗು ಕಟ್ಟಿಸಿತು. ಈಗ ಅದು ವಿಯಾನಾ ದೊ ಕಸ್ತೆಲೊ ಊರಿನ ದಕ್ಕೆಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಡೋರಿಯ ಕಾಲ ಮುಗಿದದ್ದು 1974ರಲ್ಲಿ.

ಹಡಗಿನಲ್ಲಿ ಬೆಸ್ತರು ಉಣ್ಣುತ್ತಿದ್ದ ಸಾರಿನ ಹೆಸರು ಶೋರಾ. ಉಪ್ಪಿಗೆ ಹೋಗದ ಮೀನಿನ ತಲೆ, ಈರುಳ್ಳಿ, ಒಂದಿಷ್ಟು ಅಕ್ಕಿ, ನೀರು. ಮೀನಿನ ಕೆನ್ನೆ, ನಾಲಿಗೆಗಳಲ್ಲಿ ಅಂಟಿನ ಅಂಶ ಹೆಚ್ಚು, ಸಾರು ತಾನಾಗಿ ಮಂದವಾಗುತ್ತದೆ. ಊರಿನ ತಟ್ಟೆಗೆ ದಪ್ಪ ಹೋಳು, ಹಿಡಿದವನ ಬಟ್ಟಲಿಗೆ ತಲೆ ಎಂಬ ವ್ಯವಸ್ಥೆ ಅದು. ರುಚಿಯ ಮಾತು ಬಂದರೆ ಅವೈರೊ ಸಮೀಪದ ಈಲ್ಯವು ಊರಿನವರು, ಪೀಳಿಗೆಗಟ್ಟಲೆ ಗಂಡಸರನ್ನು ಈ ಬೇಟೆಗೆ ಕಳಿಸಿದವರು, ತಲೆಯ ಸಾರೇ ಮೇಲೆನ್ನುತ್ತಾರೆ. ಅವರ ಮಾತನ್ನು ಒಪ್ಪಬೇಕು.

ಇನ್ನು ಮನೆಯೊಳಕ್ಕೆ. ಅಂಗಡಿಯಿಂದ ತಂದ ಬಕಲ್ಯಾವ್ ಹಲಗೆಯಂತಿರುತ್ತದೆ. ಅಂಗಡಿಯವರು ಅದನ್ನು ದೊಡ್ಡ ಕತ್ತಿಯಿಂದಲೋ ಗರಗಸದಿಂದಲೋ ತುಂಡು ಮಾಡಿಕೊಡುತ್ತಾರೆ. ಮೇಲೆ ಉಪ್ಪಿನ ಹರಳು ಹೊಳೆಯುತ್ತಿರುತ್ತದೆ. ಮೊದಲು ನಲ್ಲಿಯ ಕೆಳಗೆ ಹಿಡಿದು ಆ ಹರಳು ತೊಳೆದು, ಅಗಲ ಪಾತ್ರೆಯ ತುಂಬ ತಣ್ಣೀರು ಹಾಕಿ, ತುಂಡುಗಳನ್ನು ಚರ್ಮ ಮೇಲಾಗಿ ಮುಳುಗಿಸುತ್ತಾರೆ. ಚರ್ಮ ಕೆಳಗಿದ್ದರೆ ಬಿಟ್ಟ ಉಪ್ಪು ಅದರ ಮೇಲೆಯೇ ನಿಂತುಬಿಡುತ್ತದೆ, ಮೇಲಿದ್ದರೆ ಮಾಂಸದಿಂದ ಹೊರಬಂದು ಪಾತ್ರೆಯ ತಳ ಸೇರುತ್ತದೆ. ತೆಳು ತುಂಡಿಗೆ ಒಂದು ದಿನ, ದಪ್ಪಕ್ಕೆ ಎರಡು ದಿನ ಬೇಕು. ನಡುನಡುವೆ ನಾಲ್ಕಾರು ಸಲ ನೀರು ಬದಲಿಸಬೇಕು. ಸೆಖೆಯ ದಿನಗಳಲ್ಲಿ ಪಾತ್ರೆ ಫ್ರಿಜ್ಜಿನೊಳಗಿರಬೇಕು. ಹದ ತಿಳಿಯಲು ಯಂತ್ರ ಬೇಡ. ದಪ್ಪ ಭಾಗದ ನಡುವಿನಿಂದ ಒಂದು ಚೂರು ಕಿತ್ತು ನಾಲಿಗೆಗಿಟ್ಟರೆ ಗೊತ್ತಾಗುತ್ತದೆ. ಉಪ್ಪು ಪೂರ್ತಿ ಹೋಗಬಾರದು, ಹಿತವಾಗಿ ಉಳಿಯಬೇಕು. ನೆನೆದ ತುಂಡು ಉಬ್ಬಿ, ಬೆಳ್ಳಗಾಗಿ, ಬೆರಳಿಟ್ಟರೆ ಮೆತ್ತಗೆ ತಗ್ಗುತ್ತದೆ. ಆದರೂ ಅದು ತಾಜಾ ಮೀನಲ್ಲ. ಉಪ್ಪು ಅದರ ಮಾಂಸವನ್ನು ಬಿಗಿಗೊಳಿಸಿ, ಪಕ್ವಮಾಡಿ, ತಾಜಾ ಮೀನಿಗಿಲ್ಲದ ಘಾಟು ರುಚಿಯೊಂದನ್ನು ಕೊಟ್ಟಿರುತ್ತದೆ. ಫ್ರಿಜ್ಜು ಬಂದು ಇಷ್ಟು ದಶಕವಾದರೂ ಪೋರ್ಚುಗೀಸರು ಉಪ್ಪಿನ ಮೀನನ್ನು ಬಿಡದಿರುವುದು ಆ ರುಚಿಗಾಗಿ.

ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟ ಅಲ್ಲಿ ಕೊನ್ಸುವಾದ. ಹಬ್ಬದ ಮುನ್ನಾದಿನ ಮಾಂಸ ತಿನ್ನಬಾರದೆಂಬ ಹಳೆಯ ವ್ರತದಿಂದ ಬಂದ ಪದ್ಧತಿ, ಉತ್ತರ ಪೋರ್ಚುಗಲ್‌ನಲ್ಲಿ ಬೇರೂರಿ ಇಡೀ ದೇಶಕ್ಕೆ ಹರಡಿತು. ಅಷ್ಟು ದೊಡ್ಡ ಹಬ್ಬದ ಅಡುಗೆ ಇಷ್ಟು ಸರಳವಾಗಿರುವುದು ಆಶ್ಚರ್ಯವೇ. ಒಂದೇ ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ, ಎಲೆಕೋಸು ಜಾತಿಯ ದಪ್ಪ ಸೊಪ್ಪು, ಕ್ಯಾರೆಟ್, ಮೊಟ್ಟೆ ಬೇಯುತ್ತವೆ. ಮೀನಿನ ತುಂಡನ್ನು ಕುದಿ ತಗ್ಗಿದ ನೀರಿನಲ್ಲಿ ಇಳಿಬಿಡುತ್ತಾರೆ. ಜೋರಾಗಿ ಕುದಿಸಿದರೆ ಎಸಳು ಗಟ್ಟಿಯಾಗುತ್ತದೆಂಬುದು ಅಲ್ಲಿನ ಅಜ್ಜಿಯರಿಗೆಲ್ಲ ಗೊತ್ತು. ಎಲ್ಲವನ್ನೂ ಬಿಸಿಬಿಸಿಯಾಗಿ ತಟ್ಟೆಗೆ ಹಾಕಿ, ಮೇಲೆ ಹಸಿ ಬೆಳ್ಳುಳ್ಳಿ ಚೂರು, ಧಾರಾಳವಾಗಿ ಆಲಿವ್ ಎಣ್ಣೆ. ಡಿಸೆಂಬರ್ ಎಂದರೆ ಹೊಸ ಎಣ್ಣೆ ಗಾಣದಿಂದ ಬರುವ ಕಾಲ. ಉಳಿದದ್ದನ್ನು ಮರುದಿನ ಕೈಯಿಂದ ಬಿಡಿಸಿ, ಬಾಣಲೆಯಲ್ಲಿ ಎಣ್ಣೆ ಬೆಳ್ಳುಳ್ಳಿ ಕಾಯಿಸಿ, ಸೊಪ್ಪು ಆಲೂಗಡ್ಡೆ ಸಮೇತ ಹೊರಳಿಸುತ್ತಾರೆ. ಅದು ರೋಪಾ ವೆಲ್ಯಾ. ಹಬ್ಬದೂಟಕ್ಕಿಂತ ಮರುದಿನದ ಈ ಬಾಣಲೆಗೆ ಕಾದು ಕುಳಿತವರು ಅನೇಕ ಮನೆಗಳಲ್ಲಿದ್ದಾರೆ.

ಹೆಸರಾಂತ ಉಳಿದ ಬಗೆಗಳೂ ಇದೇ ನಾಲ್ಕಾರು ಸಾಮಾನಿನ ಹೊಂದಾಣಿಕೆಗಳು. ಪೋರ್ಟೊ ನಗರದ ಹೊಳೆದಂಡೆಯಲ್ಲಿ ಬಕಲ್ಯಾವ್ ವ್ಯಾಪಾರದ ಮನೆತನದವನಾದ ಜೋಸೆ ಲೂಯಿಶ್ ಗೋಮಿಶ್ ದ ಸಾ ಎಂಬವನ ಹೆಸರಿನಲ್ಲಿ ಒಂದಿದೆ. ಆತ ತೀರಿಕೊಂಡದ್ದು 1926ರಲ್ಲಿ. ಮುಳ್ಳು ಚರ್ಮ ತೆಗೆದು ಎಸಳು ಬಿಡಿಸಿದ ಮೀನನ್ನು ಬಿಸಿ ಹಾಲಿನಲ್ಲಿ ಒಂದೆರಡು ಗಂಟೆ ಮುಳುಗಿಸಿಟ್ಟು, ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಬೆಂದ ಆಲೂಗಡ್ಡೆಯ ಬಿಲ್ಲೆಗಳ ಜೊತೆ ಒಲೆಗೂಡಿನಲ್ಲಿಟ್ಟು ತೆಗೆದು, ಬೇಯಿಸಿದ ಮೊಟ್ಟೆ, ಕಪ್ಪು ಆಲಿವ್, ಪಾರ್ಸ್ಲಿ ಸೊಪ್ಪು ಉದುರಿಸುವುದು. ನೀರು ಕೊಡಲಾಗದ ಮೃದುತ್ವವನ್ನು ಹಾಲು ಕೊಡುತ್ತದೆ. ಲಿಸ್ಬನ್ನಿನ ಬೈರು ಆಲ್ತು ಕೇರಿಯ ಬ್ರಾಶ್ ಎಂಬ ಹೋಟೆಲಿನವನದೆಂದು ಹೇಳುವ ಇನ್ನೊಂದರಲ್ಲಿ ಕಡ್ಡಿಯಷ್ಟು ತೆಳುವಾಗಿ ಹೆಚ್ಚಿ ಕರಿದ ಆಲೂಗಡ್ಡೆ, ನಾರು ಬಿಡಿಸಿದ ಮೀನು, ಕೊನೆಗೆ ಒಡೆದು ಹಾಕಿದ ಮೊಟ್ಟೆ. ಮೊಟ್ಟೆ ಪೂರ್ತಿ ಗಟ್ಟಿಯಾಗುವ ಮೊದಲೇ ಇಳಿಸಬೇಕು. ಕೆಂಡದ ಮೇಲೆ ಸುಟ್ಟ ಮೀನಿಗೆ ಸಿಪ್ಪೆ ಸಮೇತ ಬೆಂದ ಆಲೂಗಡ್ಡೆಯನ್ನು ಮುಷ್ಟಿಯಿಂದ ಗುದ್ದಿ ಒಡೆದು ಎಣ್ಣೆ ಸುರಿಯುವುದೂ ಒಂದು ಬಗೆ. ಸಂಜೆಯ ತಿಂಡಿಗೆ ಮೀನು, ಆಲೂಗಡ್ಡೆ, ಮೊಟ್ಟೆ, ಈರುಳ್ಳಿ, ಪಾರ್ಸ್ಲಿ ಕಲಸಿ, ಎರಡು ಚಮಚಗಳ ನಡುವೆ ಉದ್ದುದ್ದ ಉಂಡೆ ಮಾಡಿ ಕರಿದ ವಡೆಗಳಿವೆ. ಪೋರ್ಚುಗೀಸರ ಜೊತೆ ಈ ಮೀನು ಗೋವಾಕ್ಕೂ ಬಂದು, ಅಲ್ಲಿನ ಕ್ರೈಸ್ತ ಮನೆಗಳ ಅಡುಗೆಯಲ್ಲಿ ಜಾಗ ಪಡೆದಿತ್ತು.

ಬಾಸ್ಕ್ ನಾಡಿನವರು ಎಣ್ಣೆ ಮೀನುಗಳ ಸಂಬಂಧವನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದರು. ಅವರ ಪಿಲ್‌ಪಿಲ್‌ಗೆ ಬೇಕಾದದ್ದು ನೆನೆಸಿದ ಮೀನು, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ಮಣ್ಣಿನ ತಟ್ಟೆಯಲ್ಲಿ ಹದವಾಗಿ ಬೆಚ್ಚಗಾದ ಎಣ್ಣೆಯಲ್ಲಿ ಮೀನಿಟ್ಟು, ತಟ್ಟೆಯನ್ನು ಕೈಯಲ್ಲಿ ಹಿಡಿದು ಸುತ್ತುಸುತ್ತಾಗಿ ಆಡಿಸುತ್ತಲೇ ಇರಬೇಕು. ಚರ್ಮದ ಅಂಟು ಎಣ್ಣೆಗಿಳಿದು ಎರಡೂ ಬೆರೆತು, ಹಿಟ್ಟಿಲ್ಲದೆ ಬೆಣ್ಣೆಯಿಲ್ಲದೆ ಹಳದಿ ಛಾಯೆಯ ಮಂದ ಗೊಜ್ಜಾಗುತ್ತದೆ. ಕಾಡ್ ಅಡುಗೆಗಳಲ್ಲಿ ಅತ್ಯಂತ ಸರಳವಾದದ್ದೂ ಕೈಗೆ ಹತ್ತಲು ಅತ್ಯಂತ ಕಷ್ಟವಾದದ್ದೂ ಇದೇ.

ಆಲಿವ್ ಬೆಳೆಯದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕೊಬ್ಬು ಬಂದದ್ದು ಹಂದಿಯಿಂದ. ಹಡಗಿನಲ್ಲಿ ಕೆಡದೆ ಬರುವ ಮೂರು ಸಾಮಾನು, ಉಪ್ಪು ಮೀನು, ಕಲ್ಲಿನಷ್ಟು ಗಟ್ಟಿ ಬಿಸ್ಕತ್ತು, ಉಪ್ಪು ಹಾಕಿದ ಹಂದಿಮಾಂಸ. ಇವೇ ಸೇರಿ ಅಲ್ಲಿನ ಮನೆಯೂಟವಾಯಿತು. ರಾತ್ರಿ ಒಂದು ಪಾತ್ರೆಯಲ್ಲಿ ಮೀನು, ಇನ್ನೊಂದರಲ್ಲಿ ಬಿಸ್ಕತ್ತು ನೆನೆಹಾಕಿ, ಬೆಳಿಗ್ಗೆ ಬೇರೆಬೇರೆಯಾಗಿ ಬೇಯಿಸಿ, ಬೆರೆಸಿ, ಹಂದಿಯ ಕೊಬ್ಬನ್ನು ಸಣ್ಣ ಚೂರು ಮಾಡಿ ಗರಿಗರಿಯಾಗಿ ಕರಿದು, ಕರಗಿದ ಜಿಡ್ಡಿನ ಸಮೇತ ಮೇಲೆ ಸುರಿಯುತ್ತಾರೆ. ಫಿಶ್ ಅಂಡ್ ಬ್ರೂಸ್ ಎಂದು ಅದರ ಹೆಸರು. ಆ ದ್ವೀಪದಲ್ಲಿ ಬರಿ ಮೀನು ಎಂದರೆ ಕಾಡ್ ಎಂದೇ ಅರ್ಥ, ಉಳಿದವಕ್ಕೆ ಹೆಸರು ಹೇಳಬೇಕು. ದಡದ ಚಪ್ಪರಗಳ ಮೇಲೆ ಮೀನು ಹರಡುವುದು, ತಿರುವುವುದು, ಮಳೆ ಬಂದರೆ ಓಡಿಹೋಗಿ ಒಟ್ಟುವುದು ಹೆಂಗಸರು ಮಕ್ಕಳ ಕೆಲಸ. ಗಂಡಸು ಹಿಡಿದ ಮೀನಿಗೆ ಬೆಲೆ ಬರುವುದೋ ಇಲ್ಲವೋ ಎಂಬುದು ಅವರ ಕೈಯಲ್ಲಿತ್ತು. ಕೊನೆಗೆ ಬಂದರಿನ ವರ್ತಕನ ಆಳು ಒಂದೊಂದು ಮೀನನ್ನೂ ಎತ್ತಿ ನೋಡಿ ದರ್ಜೆ ಕಟ್ಟುತ್ತಿದ್ದ.

ಆ ದರ್ಜೆಗಳಲ್ಲಿ ಕಟ್ಟಕಡೆಯದಕ್ಕೆ ವೆಸ್ಟ್ ಇಂಡಿಯಾ ಎಂದು ಹೆಸರಿತ್ತು. ಮುರಿದ, ಬಿಸಿಲಿಗೆ ಸುಟ್ಟ, ಉಪ್ಪು ಸರಿಯಾಗಿ ಹಿಡಿಯದ ಮೀನು ಅದು. ಯುರೋಪಿನಲ್ಲಿ ಯಾರೂ ಕೊಳ್ಳದ ಆ ಮೀನನ್ನು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಸಾಗಿಸಿ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ಪಡಿಯಾಗಿ ಹಾಕುತ್ತಿದ್ದರು. ನ್ಯೂ ಇಂಗ್ಲೆಂಡಿನ ವರ್ತಕರೂ ಈ ವ್ಯಾಪಾರದಲ್ಲಿ ಹಣ ಮಾಡಿದರು. ಬಾಸ್ಟನ್ನಿನ ಶಾಸನಸಭೆಯಲ್ಲಿ ತೂಗುವ ಮರದ ಕಾಡ್ ಮೀನು 1784ರಲ್ಲಿ ಒಬ್ಬ ವರ್ತಕ ಕೊಟ್ಟದ್ದು. ಆ ಐಶ್ವರ್ಯದ ಒಂದು ಪಾಲು ಬಂದದ್ದು ಹಸಿದ ಗುಲಾಮರಿಗೆ ಹಳಸಿದ ಮೀನು ಮಾರಿ ಎಂಬುದನ್ನು ಮರೆಯಬಾರದು. ಆದರೆ ಜಮೈಕಾದ ಜನ ಆ ಪಡಿಯಿಂದಲೇ ತಮ್ಮ ರಾಷ್ಟ್ರೀಯ ಅಡುಗೆಯನ್ನು ಕಟ್ಟಿದರು. ಪಶ್ಚಿಮ ಆಫ್ರಿಕಾದಿಂದ ಬಂದ ಆಕೀ ಎಂಬ ಹಣ್ಣು ಪೂರ್ತಿ ಮಾಗಿ ತಾನಾಗಿ ಬಾಯಿಬಿಟ್ಟ ಮೇಲೆ ಅದರ ಹಳದಿ ತಿರುಳನ್ನು ಬೇಯಿಸಬೇಕು. ಕಾಯಿ ವಿಷ. ಉಪ್ಪು ಬಿಡಿಸಿದ ಮೀನನ್ನು ಈರುಳ್ಳಿ, ಟೊಮೇಟೊ, ಖಾರದ ಬಾನೆಟ್ ಮೆಣಸಿನಕಾಯಿಯ ಜೊತೆ ಬಾಡಿಸಿ ಆ ತಿರುಳು ಬೆರೆಸುತ್ತಾರೆ. ಆಕೀ ತಿರುಳಿನಲ್ಲಿ ಕೊಬ್ಬು ಹೇರಳ. ನಾರ್ವೆಯವರು ಯಕೃತ್ತಿನಿಂದ, ಪೋರ್ಚುಗೀಸರು ಆಲಿವ್‌ನಿಂದ ಕೊಟ್ಟದ್ದನ್ನು ಇವರು ಹಣ್ಣಿನಿಂದ ಕೊಟ್ಟರು.

ಧಾನ್ಯ ಬೆಳೆಯದ ಐಸ್‌ಲ್ಯಾಂಡ್‌ನಲ್ಲಿ ಒಣಮೀನಿಗೆ ಬೆಣ್ಣೆ ಸವರಿ ರೊಟ್ಟಿಯ ಬದಲು ತಿನ್ನುತ್ತಿದ್ದರು. ಉಳಿದ ಬೆಂದ ಮೀನನ್ನು ಆಲೂಗಡ್ಡೆ, ಈರುಳ್ಳಿ, ಹಾಲು ಹಿಟ್ಟಿನ ಗೊಜ್ಜಿನಲ್ಲಿ ಕಿವುಚಿದ ಪ್ಲೊಕ್‌ಫಿಸ್ಕುರ್ ಇಂದಿಗೂ ಅಲ್ಲಿನ ವಾರದ ದಿನದ ಊಟ. ಹಲ್, ಗ್ರಿಮ್ಸ್‌ಬಿ ಬಂದರುಗಳ ಬ್ರಿಟಿಷ್ ಹಡಗುಗಳು ಅದೇ ಐಸ್‌ಲ್ಯಾಂಡ್ ಕಡಲಿಗೆ ಹೋಗಿ ತರುತ್ತಿದ್ದ ಮೀನು ರೈಲಿನಲ್ಲಿ ಊರೂರಿಗೆ ಹೋಗಿ, ಹಿಟ್ಟಿನಲ್ಲಿ ಅದ್ದಿ ಕರಿದು ಕಾಗದದ ಪೊಟ್ಟಣ ಸೇರಿತು. ಉತ್ತರ ಇಂಗ್ಲೆಂಡಿನಲ್ಲಿ ಅದನ್ನು ಕರಿಯುವುದು ದನದ ಕೊಬ್ಬಿನಲ್ಲಿ. ಮಹಾಯುದ್ಧದಲ್ಲೂ ಬ್ರಿಟನ್ ಅದಕ್ಕೆ ಪಡಿತರದ ಮಿತಿ ಹೇರಲಿಲ್ಲ. 1958ರಿಂದ 1976ರ ನಡುವೆ ಐಸ್‌ಲ್ಯಾಂಡ್ ತನ್ನ ಕಡಲ ಗಡಿಯನ್ನು ಹನ್ನೆರಡು, ಐವತ್ತು, ಕೊನೆಗೆ ಇನ್ನೂರು ಮೈಲಿಗೆ ಚಾಚಿದಾಗ ಎರಡು ದೇಶಗಳ ಹಡಗುಗಳು ಮೂರು ಸಲ ಢಿಕ್ಕಿಯ ಹಂತಕ್ಕೆ ಹೋದವು. ಗೆದ್ದದ್ದು ಸಣ್ಣ ದೇಶ. ತನ್ನ ಮೀನನ್ನು ಉಳಿಸಿಕೊಂಡದ್ದೂ ಅದೇ.

ನ್ಯೂಫೌಂಡ್‌ಲ್ಯಾಂಡ್‌ಗೆ ಆ ಭಾಗ್ಯವಿರಲಿಲ್ಲ. ಹಿಡಿದಲ್ಲೇ ಹೆಪ್ಪುಗಟ್ಟಿಸುವ ಕಾರ್ಖಾನೆ ಹಡಗುಗಳು ಯುರೋಪಿನಿಂದ ಬಂದು ಬಲೆ ಎಳೆದ ಕಾಲದಲ್ಲಿ, 1968ರ ಒಂದೇ ವರ್ಷ ಉತ್ತರದ ಕಾಡ್ ಸುಮಾರು 8 ಲಕ್ಷ ಟನ್ ಹಿಡಿದರು. ಕೆನಡಾ 1977ರಲ್ಲಿ ಇನ್ನೂರು ಮೈಲಿಯ ಗಡಿ ಹಾಕಿದ ಮೇಲೆ ಅದರ ಸ್ವಂತ ಹಡಗುಗಳು ಆ ಕೆಲಸ ಮುಂದುವರಿಸಿದವು. ದಡದ ಸಣ್ಣ ದೋಣಿಯವರು ಮೀನು ಕಡಿಮೆಯಾಗುತ್ತಿದೆ, ಗಾತ್ರ ಕುಗ್ಗುತ್ತಿದೆ ಎಂದು ಎಚ್ಚರಿಸಿದ್ದರು, ಲೆಕ್ಕ ಹಾಕುವವರು ಕಿವಿಗೊಡಲಿಲ್ಲ. 1992ರ ಜುಲೈ 2ರಂದು ಸಚಿವ ಜಾನ್ ಕ್ರಾಸ್ಬಿ ಬೇಟೆ ನಿಲ್ಲಿಸುವ ಆದೇಶ ಹೊರಡಿಸಿದಾಗ ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಹೇಳಿದ ನಿಷೇಧ ಮೂರು ದಶಕ ದಾಟಿತು. 2024ರಲ್ಲಿ ಅದನ್ನು ತೆಗೆದಾಗ ಇಟ್ಟ ಮಿತಿ 18,000 ಟನ್.

ಈಗ ಪೋರ್ಚುಗಲ್ಲಿನ ಬಕಲ್ಯಾವ್ ಹೆಚ್ಚಾಗಿ ಬರುವುದು ನಾರ್ವೆ, ಐಸ್‌ಲ್ಯಾಂಡ್‌ಗಳಿಂದ. ಎರಡು ದಿನ ನೆನೆಸಲು ಪುರುಸೊತ್ತಿಲ್ಲದವರಿಗೆ ಉಪ್ಪು ಬಿಡಿಸಿ ಹೆಪ್ಪುಗಟ್ಟಿಸಿದ ತುಂಡುಗಳೇ ಅಂಗಡಿಯಲ್ಲಿ ಸಿಗುತ್ತವೆ. ತಾಜಾ ಹೋಳನ್ನು ಬೇಯಿಸುವವರೂ ಹಳೆಯ ಉಪ್ಪಿನ ಪಾಠ ಬಿಟ್ಟಿಲ್ಲ. ಅಡುಗೆಗೆ ಅರ್ಧ ಗಂಟೆ ಮುಂಚೆ ಉಪ್ಪು ಸವರಿಟ್ಟು ಒರೆಸಿದರೆ ಮಾಂಸ ಬಿಗಿಯಾಗಿ, ಬಾಣಲೆಯಲ್ಲಿ ಪುಡಿಯಾಗುವುದಿಲ್ಲ. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಬೇಸಿಗೆಯ ನಿಗದಿತ ದಿನಗಳಂದು ಮನೆಯೂಟಕ್ಕೆಂದು ತಲೆಗೆ ದಿನಕ್ಕೆ ಐದು ಮೀನು ಹಿಡಿಯಲು ಸರ್ಕಾರ ಬಿಡುತ್ತದೆ. ಆ ಶನಿವಾರ ಭಾನುವಾರಗಳಲ್ಲಿ ಕುಟುಂಬಗಳು ದೋಣಿ ಇಳಿಸುತ್ತವೆ. ಹೋಳುಗಳಿಗೆ ಮೈದಾ ಹೊರಳಿಸಿ, ಹಂದಿಯ ಕೊಬ್ಬು ಕರಗಿಸಿದ ಬಾಣಲೆಯಲ್ಲಿ ಎರಡೂ ಬದಿ ಕೆಂಪಗೆ ಹುರಿಯುತ್ತಾರೆ. ನಾಲಿಗೆಗಳನ್ನು ಬೇರೆ ತೆಗೆದಿಟ್ಟು, ಅದೇ ಕೊಬ್ಬಿನಲ್ಲಿ ಕೊನೆಗೆ ಹಾಕುತ್ತಾರೆ.